ಕೇಳಿಸ್ತು ಅಂದ, ಆದರೆ ಕೇಳಲಿಲ್ಲ

ಕಳೆದ ಸಂಚಿಕೆಯಲ್ಲಿ ಯಾವುದೋ ಮಾತಿಗೆ ಬೈಬಲಿನ ಹಳೇ ಒಡಂಬಡಿಕೆಯ ಮೂಲಭಾಷೆ ಹೀಬ್ರೂವಿನ ‘ಶಾಮಾ’, ಅಂದರೆ ‘ಕೇಳು’, ಅನ್ನುವ ಕ್ರಿಯಾಪದದ ಬಗ್ಗೆ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮಾಲೂರು, ಶಿರಾ, ಕೆಜಿಎಫ್, ಚಿಂತಾಮಣಿ, ಎಲ್ಲ ಕಡೆಯಿಂದ ಬಂದಿವೆ. ಹಾಗಾಗಿ ಈ ಸಲ ಗಾದೆ, ನುಡಿಗಟ್ಟಿನ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇದೊಂದೇ ಪದ. ಬೇರೆ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಾಳಿಕೊಳ್ಳಿ.

ಪ್ರಶ್ನೆ: ನಮ್ಮ ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಬೋಧಕರೊಬ್ಬರು, ‘ಬೈಬಲಿನ ಧರ್ಮೋಪದೇಶಕಾಂಡ 6ನೇ ಅಧ್ಯಾಯದಲ್ಲಿ ಇಸ್ರಾಯೇಲೇ ಕೇಳು ಅಂತ ಇದೆಯಲ್ಲ, ಅದು ತಪ್ಪು ಅನುವಾದ, ಮೂಲದಲ್ಲಿರುವ ಶೆಮಾ ಅಂದರೆ ಕೇಳು ಅಂತ ಅಲ್ಲ, ವಿಧೇಯನಾಗು ಅಂತ’ ಎಂದರು. ನಮ್ಮ ಯಜಮಾನರು ಒಪ್ಪಲಿಲ್ಲ. ಮನೆಗೆ ಬಂದ ಮೇಲೂ ಅದೇ ವಾದ. ಯಾರು ಸರಿ?
– ಓದುಗರೊಬ್ಬರು, ಮಾಲೂರು

ಯಜಮಾನರಿಗೆ ಒಂದು ಲೋಟ ಕಾಫಿ ಜಾಸ್ತಿ ಕೊಡಿ. ಅವರೇ ಸರಿ. ಬೋಧಕರು ಪೂರ್ತಿ ತಪ್ಪು ಅಂತಲೂ ಹೇಳಲಾರೆ, ಆದರೆ ಅವರ ದಾರಿ ಇಂಗ್ಲಿಷ್ ಊರು ಸುತ್ತಿಕೊಂಡು ಬಂದಿದೆ.

ಮೊದಲು ಒಂದು ಮನೆ ಸಂಗತಿ ಹೇಳುತ್ತೇನೆ. ಹೋದ ತಿಂಗಳು ಶ್ರೀನಿವಾಸಪುರದ ಹತ್ತಿರ ತಂಗಿ ಮನೆಗೆ ಹೋಗಿದ್ದೆ. ಟೊಮೆಟೊ ತೋಟ. ಮಧ್ಯಾಹ್ನ ತ್ರೀ ಫೇಸ್ ಕರೆಂಟು ಬಂತು, ಬೋರ್ ಮೋಟ್ರು ಶುರುವಾಯಿತು. ತಂಗಿ ಅಡುಗೆಮನೆಯಿಂದಲೇ ಮಗನಿಗೆ ಕೂಗಿದಳು, ‘ಲೋ, ಗೇಟ್‌ವಾಲ್ ತಿರುಗ್ಸು, ಆ ಕಡೆ ಸಾಲಿಗೆ ನೀರು ಸಾಕು.’ ಅವನು ಜಗುಲಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದ. ‘ಕೇಳಿಸ್ತಮ್ಮಾ’ ಅಂದ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಸಾಲಲ್ಲಿ ಕೆಸರು, ಗಿಡದ ಬುಡದಲ್ಲಿ ನೀರು ನಿಂತಿದೆ, ಕಟ್ಟಿದ್ದ ಕೋಲೆಲ್ಲ ವಾಲಿಕೊಂಡಿವೆ. ‘ಕೇಳಿಸ್ತು ಅಂದ್ಯಲ್ಲೋ!’ ಅಂತ ತಂಗಿ. ‘ಹೂಂ, ಕೇಳಿಸ್ತು ಅಂದೆ’ ಅಂತ ಅವನು. ‘ಕೇಳಿಸಿದ್ರೆ ಏನು ಬಂತು, ನೀನು ಕೇಳಲಿಲ್ವಲ್ಲ!’

ತಂಗಿಗೆ ಹೀಬ್ರೂ ಗೊತ್ತಿಲ್ಲ. ಆದರೆ ಈ ಕ್ರಿಯಾಪದದ ಪಾಠ ಮುಕ್ಕಾಲು ಭಾಗ ಅವಳ ಬೈಗುಳದಲ್ಲೇ ಇದೆ. ‘ಕೇಳಿಸು’ ಕಿವಿಯ ಕೆಲಸ. ‘ಕೇಳು’ ಕಿವಿಯಲ್ಲಿ ಶುರುವಾಗಿ ಕೈಕಾಲಿನವರೆಗೂ ಹೋಗುತ್ತದೆ. ‘ನಮ್ಮ ಮಗ ಮಾತೇ ಕೇಳಲ್ಲ’ ಅಂದರೆ ಅವನನ್ನು ಕಿವಿ ಡಾಕ್ಟರ ಹತ್ತಿರ ಯಾರೂ ಕರೆದುಕೊಂಡು ಹೋಗುವುದಿಲ್ಲ, ಅಲ್ವಾ? ಹೀಬ್ರೂ ಜನರ ‘ಶಾಮಾ’ ಕೂಡ ಹೀಗೇ. ಅದೇ ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲಿ ಅಪ್ಪ ಅಮ್ಮ ಮಗನನ್ನು ಎಳೆದುಕೊಂಡು ಊರಬಾಗಿಲಲ್ಲಿ ಕೂತ ಹಿರಿಯರ ಮುಂದೆ ನಿಲ್ಲಿಸುತ್ತಾರೆ. ಅವರ ದೂರು ಏನು? ಇವನು ನಮ್ಮ ಮಾತು ಕೇಳುತ್ತಿಲ್ಲ ಅಂತ. ಅಲ್ಲಿರುವುದು ಇದೇ ಶಾಮಾ. ಅದಕ್ಕೆ ಅಲ್ಲಿ ಹೇಳಿರುವ ಶಿಕ್ಷೆ ಓದಿದರೆ ಎದೆ ಝಲ್ಲೆನ್ನುತ್ತದೆ. ನನ್ನ ತಂಗಿಮಗ ಬರೀ ಬೈಗುಳದಲ್ಲಿ ಪಾರಾದ.

ಈಗ ಸ್ವಲ್ಪ ವ್ಯಾಕರಣ. ನಿಘಂಟಿನಲ್ಲಿ ಸಿಗುವ ರೂಪ ‘ಶಾಮಾ’, ಅಂದರೆ ‘ಅವನು ಕೇಳಿದನು’. ಒಬ್ಬನಿಗೆ ಆಜ್ಞೆ ಮಾಡುವಾಗ ‘ಶೆಮಾ’, ಕೇಳು. ಹಲವರಿಗಾದರೆ ‘ಶಿಮ್‌ಊ’, ಕೇಳಿ. ಹೀಬ್ರೂ ಬೈಬಲಿನಲ್ಲಿ ಇದು ಸಾವಿರಕ್ಕೂ ಜಾಸ್ತಿ ಸಲ ಬರುತ್ತದೆ. ಎಲ್ಲಿ ಬರೀ ಕಿವಿಗೆ ಬಿದ್ದದ್ದು, ಎಲ್ಲಿ ಹೇಳಿದಂತೆ ನಡೆದದ್ದು ಅಂತ ಗೊತ್ತಾಗುವುದು ಅದರ ಪಕ್ಕದಲ್ಲಿರುವ ಪದದಿಂದ. ‘ಕೋಲ್’ ಅಂದರೆ ದನಿ. ದನಿಯನ್ನು ಶಾಮಾ ಮಾಡಿದ ಅಂದರೆ ಸದ್ದು ಕೇಳಿದ. ದನಿಗೆ, ದನಿಯಲ್ಲಿ ಅಂತ ಒಂದು ಸಣ್ಣ ಅಕ್ಷರ ಅಂಟಿಸಿ ‘ಲೆಕೋಲ್’, ‘ಬೆಕೋಲ್’ ಅಂದರೆ ಸಾಮಾನ್ಯವಾಗಿ ಮಾತಿನಂತೆ ನಡೆದ ಅಂತ. ಆದಿಕಾಂಡ 3ನೇ ಅಧ್ಯಾಯದಲ್ಲಿ ಎರಡೂ ಸಿಗುತ್ತವೆ. ಸಂಜೆ ತಂಪಿನಲ್ಲಿ ದೇವರು ತೋಟದಲ್ಲಿ ಓಡಾಡುವ ಸದ್ದು ಕೇಳಿ ಆದಾಮ ಮತ್ತು ಅವನ ಹೆಂಡತಿ ಮರಗಳ ನಡುವೆ ಅಡಗುತ್ತಾರೆ. ಅದು ಕಿವಿಗೆ ಬಿದ್ದದ್ದು. ಆಮೇಲೆ ದೇವರು, ನೀನು ಹೆಂಡತಿಯ ಮಾತು ಕೇಳಿದೆಯಲ್ಲ ಅನ್ನುತ್ತಾನೆ. ಅದು ‘ಲೆಕೋಲ್’. ಕನ್ನಡದಲ್ಲಿ ನಾವು ಅಕ್ಷರ ಅಂಟಿಸುವ ಬದಲು ಪದ ಬದಲಾಯಿಸುತ್ತೇವೆ, ಅಷ್ಟೇ: ಅಮ್ಮನ ‘ದನಿ’ ಕೇಳಿದ, ಅಮ್ಮನ ‘ಮಾತು’ ಕೇಳಿದ.

ನಿಮ್ಮ ಜಗಳದ ವಾಕ್ಯದಲ್ಲಿ ಕೋಲ್ ಇಲ್ಲ, ಅಂಟಿಸಿದ ಅಕ್ಷರವೂ ಇಲ್ಲ. ‘ಶೆಮಾ ಇಸ್ರಾಯೇಲ್.’ ಬರೀ ಕೇಳು. ಕೇಳಿ ಏನು ಮಾಡಬೇಕು ಅನ್ನುವುದು ಮುಂದಿನ ಸಾಲುಗಳಲ್ಲಿದೆ. ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸು, ಮಕ್ಕಳಿಗೆ ಕಲಿಸು, ಕೈಗೆ ಕಟ್ಟಿಕೋ, ಬಾಗಿಲ ನಿಲುವಿನ ಮೇಲೆ ಬರೆ. ಯೆಹೂದ್ಯರು ಇದನ್ನು ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ರಾತ್ರಿ ಹೇಳುತ್ತಾರೆ. ಮೊದಲ ಸಾಲು ಹೇಳುವಾಗ ಬಲಗೈಯಿಂದ ಕಣ್ಣು ಮುಚ್ಚಿಕೊಳ್ಳುವುದು ರೂಢಿ. ಕಣ್ಣು ಮುಚ್ಚಿದರೆ ಕಿವಿ ತೆರೆಯುತ್ತದೆ ಅಂತ ನನಗೆ ಅನ್ನಿಸುತ್ತದೆ, ಇದು ನನ್ನ ಸ್ವಂತ ಅಭಿಪ್ರಾಯ, ಯಾವ ಪಂಡಿತರ ಮೇಲೂ ಹಾಕಬೇಡಿ.

ಹಾಗಾದರೆ ‘ವಿಧೇಯನಾಗು’ ಎಲ್ಲಿಂದ ಬಂತು? ಇಂಗ್ಲಿಷಿನ ‘ಹಿಯರ್’ ತೆಳುವಾದ ಪದ, ಹೆಚ್ಚಾಗಿ ಕಿವಿಯಲ್ಲೇ ನಿಂತುಬಿಡುತ್ತದೆ. ಅದಕ್ಕೇ ಇಂಗ್ಲಿಷ್ ವ್ಯಾಖ್ಯಾನ ಬರೆಯುವವರು, ನೋಡಿ, ಹೀಬ್ರೂನಲ್ಲಿ ಇದಕ್ಕೆ ವಿಧೇಯತೆ ಅಂತಲೂ ಅರ್ಥ ಇದೆ ಅಂತ ಒತ್ತಿ ಹೇಳಬೇಕಾಗುತ್ತದೆ. ತಮಾಷೆ ಅಂದರೆ ಅವರ ‘ಒಬೇ’ ಕೂಡ ಲ್ಯಾಟಿನ್ನಿನ ಕೇಳುವ ಪದದಿಂದಲೇ ಹುಟ್ಟಿದ್ದು. ಗ್ರೀಕಿನಲ್ಲಿಯೂ ಹಾಗೆ, ‘ಅಕೂವೋ’ ಅಂದರೆ ಕೇಳು, ‘ಹುಪಕೂವೋ’ ಅಂದರೆ ಹೇಳಿದ್ದು ಕೇಳಿ ನಡೆ. ಆ ಕಷ್ಟ ನಮಗಿಲ್ಲ. ಕನ್ನಡದ ‘ಕೇಳು’ ಎರಡನ್ನೂ ಒಂದೇ ಮಡಿಲಲ್ಲಿ ಇಟ್ಟುಕೊಂಡಿದೆ. ಇರುವ ಒಳ್ಳೇ ಪದ ತೆಗೆದು ‘ವಿಧೇಯನಾಗು’ ಅಂತ ಹಾಕಿದರೆ ಕಿವಿ ಹೋಗುತ್ತದೆ, ಬರೀ ತಲೆಬಾಗುವುದು ಉಳಿಯುತ್ತದೆ.

ಪ್ರಶ್ನೆ: ‘ಯಜ್ಞಕ್ಕಿಂತ ಮಾತು ಕೇಳುವುದು ಲೇಸು’ ಅಂತ ಸಮುವೇಲ ಸೌಲನಿಗೆ ಹೇಳುತ್ತಾನಲ್ಲ, ಅಲ್ಲಿಯೂ ಇದೇ ಪದವಾ?
– ಕುರಿ ಸಾಕಣೆ ಮಾಡುವ ಓದುಗರು, ಶಿರಾ

ಇದೇ ಪದ. ನೀವು ಕುರಿ ಸಾಕುವವರಾಗಿ ಈ ಪ್ರಶ್ನೆ ಕೇಳಿದ್ದು ನನಗೆ ಖುಷಿಯಾಯಿತು, ಯಾಕಂದರೆ ಈ ಕಥೆಯಲ್ಲಿ ಗುಟ್ಟು ರಟ್ಟು ಮಾಡುವುದೇ ಕುರಿಗಳು.

ಒಂದನೇ ಸಮುವೇಲ 15. ಅಧ್ಯಾಯ ಶುರುವಾಗುವುದೇ ಪ್ರವಾದಿ ಅರಸನಿಗೆ, ದೇವರ ಮಾತಿನ ದನಿಗೆ ಕಿವಿಗೊಡು ಅಂತ ಹೇಳುವುದರಿಂದ. ಶೆಮಾ, ಲೆಕೋಲ್. ಯುದ್ಧದಲ್ಲಿ ಅಮಾಲೇಕ್ಯರದ್ದು ಏನನ್ನೂ ಉಳಿಸಬೇಡ, ಕುರಿ ದನವನ್ನೂ ಸಹ ಅಂತ ಅಪ್ಪಣೆ. ಅಪ್ಪಣೆಯ ಕ್ರೌರ್ಯದ ಬಗ್ಗೆ ಬೇರೆ ಚರ್ಚೆ ಇದೆ, ಅದನ್ನು ಇಲ್ಲಿ ಬಿಡುತ್ತೇನೆ. ಸೌಲ ಗೆದ್ದ. ಕೊಬ್ಬಿದ ಕುರಿ, ಒಳ್ಳೇ ದನ ನೋಡಿ ಮನಸ್ಸಾಗಲಿಲ್ಲ. ಉಳಿಸಿಕೊಂಡ. ಮಾರನೇ ದಿನ ಸಮುವೇಲ ಬಂದರೆ ಇವನೇ ಎದುರು ಹೋಗಿ, ದೇವರು ಹೇಳಿದ್ದನ್ನೆಲ್ಲ ಮಾಡಿಬಿಟ್ಟೆ ಅಂತ ಹೇಳುತ್ತಾನೆ.

ಆಗ ಸಮುವೇಲ ಕೇಳುವ ಪ್ರಶ್ನೆ ನೋಡಿ: ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ‘ಕೋಲ್’ ಏನು? ನಾನು ‘ಶಾಮಾ’ ಮಾಡುತ್ತಿರುವ ಈ ದನಗಳ ‘ಕೋಲ್’ ಏನು?

ಶಿರಾ, ಪಾವಗಡದ ಕಡೆ ರಾತ್ರಿ ಹೊಲದಲ್ಲಿ ಮಂದೆ ಕೂರಿಸಿದ ಕಡೆ ಹೋದವರಿಗೆ ಗೊತ್ತು. ನೂರು ಕುರಿ ಬಚ್ಚಿಡೋಕೆ ಆಗಲ್ಲ. ಒಂದು ಮರಿ ತಾಯಿಯಿಂದ ತಪ್ಪಿಸಿಕೊಂಡರೆ ಸಾಕು, ಇಡೀ ಮಂದೆ ದನಿ ಎತ್ತುತ್ತದೆ. ಪಾಪ, ಸೌಲ ಇನ್ನೂ ವಾದ ಮಾಡುತ್ತಾನೆ. ನಾನು ದೇವರ ದನಿ ಕೇಳಿದೆನಲ್ಲ, ಇವು ಯಜ್ಞಕ್ಕೆ ಅಂತ ಜನ ತಂದದ್ದು ಅನ್ನುತ್ತಾನೆ. ಅದಕ್ಕೇ ಆ ಉತ್ತರ: ಯಜ್ಞಕ್ಕಿಂತ ಕೇಳುವುದು ಲೇಸು, ಟಗರುಗಳ ಕೊಬ್ಬಿಗಿಂತ ಕಿವಿಗೊಡುವುದು ಲೇಸು. ಕೊನೆಗೆ ಸೌಲ ಸೋತು ಒಪ್ಪಿಕೊಳ್ಳುವ ಮಾತಲ್ಲೂ ಇದೇ ಜೋಡಿ ಇದೆ. ಜನಕ್ಕೆ ಹೆದರಿ ಅವರ ದನಿ ಕೇಳಿಬಿಟ್ಟೆ.

ದೇವರ ದನಿ, ಕುರಿಯ ದನಿ, ಜನರ ದನಿ. ಮೂರಕ್ಕೂ ಕೋಲ್, ಮೂರಕ್ಕೂ ಶಾಮಾ. ಇಡೀ ಅಧ್ಯಾಯ ಈ ಎರಡು ಪದದ ಮೇಲೆ ನಿಂತಿದೆ. ಅನುವಾದ ಮಾಡುವವರು ಒಂದು ಕಡೆ ‘ಸದ್ದು’, ಒಂದು ಕಡೆ ‘ಆಜ್ಞೆ’, ಇನ್ನೊಂದು ಕಡೆ ‘ವಿಧೇಯತೆ’ ಅಂತ ಚೆನ್ನಾಗಿ ಕಾಣುವ ಪದ ಹಾಕುತ್ತಾ ಹೋದರೆ ಕಥೆ ಅರ್ಥವಾಗುತ್ತದೆ, ಆದರೆ ಕುರಿ ಕೂಗಿದ್ದು ಕೇಳಿಸುವುದಿಲ್ಲ. ಕನ್ನಡದಲ್ಲಿ ‘ದನಿ’, ‘ಕೇಳು’ ಎರಡನ್ನೇ ಹಿಡಿದು ಕೊನೆತನಕ ಹೋಗಬಹುದು. ಒಮ್ಮೆ ನೀವೇ ಹಾಗೆ ಬದಲಾಯಿಸಿಕೊಂಡು ಜೋರಾಗಿ ಓದಿ ನೋಡಿ. ಮಂದೆ ಪಕ್ಕದಲ್ಲೇ ಕೂತು ಓದಿದರೆ ಇನ್ನೂ ಒಳ್ಳೇದು.

ಪ್ರಶ್ನೆ: ನನ್ನ ಮೊಮ್ಮಗನಿಗೆ ಸ್ಯಾಮುಯೆಲ್ ಅಂತ ಹೆಸರಿಟ್ಟಿದ್ದೇವೆ. ‘ದೇವರು ಕೇಳಿದನು’ ಅಂತ ಅರ್ಥ ಅನ್ನುತ್ತಾರೆ. ಆದರೆ ಬೈಬಲಿನಲ್ಲಿ ‘ದೇವರಲ್ಲಿ ಕೇಳಿ ಪಡೆದೆ’ ಅಂತ ತಾಯಿ ಹೇಳುತ್ತಾಳೆ. ಕೇಳಿದ್ದು ದೇವರಾ, ತಾಯಿನಾ?
– ಓದುಗರೊಬ್ಬರು, ಕೆಜಿಎಫ್

ಈ ಪ್ರಶ್ನೆಯಲ್ಲೇ ಕನ್ನಡದ ಒಂದು ಚಂದ ಇದೆ, ನಿಮಗೆ ಗೊತ್ತಿಲ್ಲದೆ ಬಂದಿದೆ. ನಮ್ಮ ‘ಕೇಳು’ ಕಿವಿಯಿಂದಲೂ ಆಗುತ್ತದೆ, ಬಾಯಿಂದಲೂ ಆಗುತ್ತದೆ. ಹಾಡು ಕೇಳುತ್ತೇವೆ, ಸಾಲ ಕೇಳುತ್ತೇವೆ, ಹೆಣ್ಣು ಕೇಳುತ್ತೇವೆ. ನಿಮ್ಮ ಮನೆಯಲ್ಲಿ ತಮಿಳು ಆಡುತ್ತೀರಿ ಅಂತ ಬರೆದಿದ್ದೀರಿ. ತಮಿಳಿನ ‘ಕೇಳ್’ ಕೂಡ ಹೀಗೇ, ತುಳುವಿನ ‘ಕೇಣ್’ ಕೂಡ. ಆದರೆ ನಿಮ್ಮ ಪಕ್ಕದಲ್ಲೇ ಇರುವ ತೆಲುಗಿನವರನ್ನು ನೋಡಿ. ಅವರಿಗೆ ಕಿವಿಗೆ ‘ವಿನು’, ಬಾಯಿಗೆ ‘ಅಡುಗು’. ಎರಡು ಪದ. ಹೀಬ್ರೂ ಈ ವಿಷಯದಲ್ಲಿ ತೆಲುಗಿನ ಕಡೆ. ಕಿವಿಯಿಂದ ಕೇಳುವುದು ‘ಶಾಮಾ’, ಬಾಯಿಂದ ಕೇಳುವುದು ‘ಶಾಆಲ್’.

ಈಗ ಕಥೆ. ಹನ್ನಳಿಗೆ ಮಕ್ಕಳಿಲ್ಲ. ಶೀಲೋವಿನ ಗುಡಿಯಲ್ಲಿ ನಿಂತು ಅಳುತ್ತಾ ಬೇಡಿಕೊಳ್ಳುತ್ತಾಳೆ. ತುಟಿ ಮಾತ್ರ ಅಲ್ಲಾಡುತ್ತಿದೆ, ದನಿ ಕೇಳಿಸುತ್ತಿಲ್ಲ. ಇಲ್ಲಿ ‘ಶಾಮಾ’ದ ‘ಕೇಳಿಸು’ ರೂಪವೇ ಬಂದಿದೆ. ಬಾಗಿಲ ಹತ್ತಿರ ಕೂತಿದ್ದ ಯಾಜಕ ಏಲಿ ನೋಡಿ, ಈಕೆ ಕುಡಿದಿದ್ದಾಳೆ ಅಂದುಕೊಂಡ. ಅವಳು ಉತ್ತರ ಕೊಟ್ಟ ಮೇಲೆ ನಾಚಿಕೊಂಡನೋ ಏನೋ, ನೀನು ಕೇಳಿದ್ದನ್ನು ದೇವರು ಕೊಡಲಿ ಅಂತ ಹರಸಿ ಕಳಿಸಿದ. ಇಲ್ಲಿಂದ ಮುಂದೆ ‘ಶಾಆಲ್’ ಮಳೆ. ಮಗು ಹುಟ್ಟಿದಾಗ, ದೇವರಲ್ಲಿ ಕೇಳಿ ಪಡೆದೆ ಅಂತ ಹೇಳಿ ಸಮುವೇಲ ಅಂತ ಹೆಸರಿಡುತ್ತಾಳೆ.

ತೊಡಕು ಇಲ್ಲೇ. ಹೀಬ್ರೂನಲ್ಲಿ ಹೆಸರು ‘ಶೆಮೂಎಲ್’. ಅದರಲ್ಲಿ ಶಾಆಲ್ ಪದದ ಅಕ್ಷರಗಳು ಇದ್ದರೂ ಮಧ್ಯೆ ‘ಮ’ ಬಂದು ಕೂತಿದೆ. ಶಾಮಾದಿಂದ ಬಂತು ಅನ್ನೋಣ ಅಂದರೆ ಆ ಪದದ ಕೊನೆಯಲ್ಲಿರುವ ‘ಅಯಿನ್’ ಅನ್ನುವ ಗಂಟಲಕ್ಷರ ಇಲ್ಲಿ ಇಲ್ಲ. ವ್ಯಾಕರಣದ ಲೆಕ್ಕಕ್ಕೆ ‘ಶೇಮ್’ ಅಂದರೆ ಹೆಸರು, ‘ಏಲ್’ ಅಂದರೆ ದೇವರು, ದೇವರ ಹೆಸರು ಅನ್ನುವುದು ಹತ್ತಿರ. ತಾಯಿ ಕೊಟ್ಟ ಕಾರಣ ವ್ಯಾಕರಣಕ್ಕಲ್ಲ, ಕಿವಿಗೆ ಕೊಟ್ಟದ್ದು. ಅದಕ್ಕಿಂತ ಮಜಾ ಇನ್ನೊಂದಿದೆ. ಮಗುವನ್ನು ಗುಡಿಗೆ ಒಪ್ಪಿಸುವಾಗ ಅವಳು ‘ಇವನು ದೇವರಿಗೆ ಶಾಊಲ್’ ಅನ್ನುತ್ತಾಳೆ. ಶಾಊಲ್ ಅಂದರೆ ಕೇಳಿ ಪಡೆದವನು. ಮುಂದೆ ಇದೇ ಮಗು ದೊಡ್ಡವನಾಗಿ ಅಭಿಷೇಕ ಮಾಡುವ ಅರಸನ ಹೆಸರು ಕೂಡ ಅದೇ, ಸೌಲ! ಜನ ಹಟ ಹಿಡಿದು ಕೇಳಿ ಪಡೆದ ಅರಸ.

ಮೊಮ್ಮಗನಿಗೆ ಏನು ಹೇಳಬೇಕು ಅಂತೀರಾ? ‘ಕೇಳಿದ ಮಗ’ ಅಂತ ಕನ್ನಡದಲ್ಲೇ ಹೇಳಿ. ತಾಯಿ ಕೇಳಿದಳು, ದೇವರು ಕೇಳಿದ. ಹೀಬ್ರೂನಲ್ಲಿ ಇದಕ್ಕೆ ಎರಡು ಪದ ಬೇಕು.

ನಿಜವಾಗಿ ಶಾಮಾದಿಂದಲೇ ಬಂದ ಹೆಸರು ಬೇಕಿದ್ದರೆ ಸಿಮೆಯೋನ ಇದ್ದಾನೆ. ಗಂಡನ ಪ್ರೀತಿ ಸಿಗದ ಲೇಯ, ದೇವರು ನನ್ನ ಕಷ್ಟ ಕೇಳಿದ ಅಂತ ಹೇಳಿ ಎರಡನೇ ಮಗನಿಗೆ ಇಟ್ಟ ಹೆಸರು.

ಪ್ರಶ್ನೆ: ಸೊಲೊಮೋನ ದೇವರಲ್ಲಿ ಬುದ್ಧಿ ಕೇಳಿದ ಅಂತ ಓದಿದ್ದೆ. ಹೀಬ್ರೂನಲ್ಲಿ ‘ಕೇಳುವ ಹೃದಯ’ ಅಂತ ಇದೆಯಂತೆ. ನಿಜವಾ?
– ಕಾನೂನು ವಿದ್ಯಾರ್ಥಿ, ತುಮಕೂರು

ನಿಜ. ಒಂದನೇ ಅರಸುಗಳು 3ರಲ್ಲಿ ‘ಲೇವ್ ಶೋಮೇಆ’, ಕೇಳುವ ಹೃದಯ. ಯಾಕೆ ಬೇಕು ಅಂತಲೂ ಅವನೇ ಹೇಳುತ್ತಾನೆ, ಜನಕ್ಕೆ ನ್ಯಾಯ ತೀರಿಸೋಕೆ. ನ್ಯಾಯ ತೀರಿಸುವವನ ಮೊದಲ ಕೆಲಸ ಅಹವಾಲು ಕೇಳುವುದು ತಾನೇ? ಮೋಶೆ ಕೂಡ ನ್ಯಾಯಾಧಿಪತಿಗಳಿಗೆ, ನಿಮ್ಮ ಸಹೋದರರ ನಡುವಿನ ವ್ಯಾಜ್ಯಗಳನ್ನು ಕೇಳಿ ಅಂತಲೇ ಹೇಳುವುದು.

ನಿಮಗೆ ಇದಕ್ಕಿಂತ ಎರಡನೇ ಸಮುವೇಲ 15ರ ಒಂದು ಸಾಲು ತೋರಿಸಬೇಕು. ದಾವೀದನ ಮಗ ಅಬ್ಷಾಲೋಮ ಬೆಳಿಗ್ಗೆ ಬೇಗ ಎದ್ದು ಊರಬಾಗಿಲ ದಾರಿಯಲ್ಲಿ ನಿಲ್ಲುತ್ತಿದ್ದ. ಅರಸನ ಹತ್ತಿರ ವ್ಯಾಜ್ಯ ತಂದವರನ್ನು ತಡೆದು, ಯಾವೂರಪ್ಪಾ ಅಂತ ವಿಚಾರಿಸಿ, ‘ನಿನ್ನ ಕಡೆ ನ್ಯಾಯ ಇದೆ, ಆದರೆ ಅರಸನ ಕಡೆಯಿಂದ ನಿನ್ನನ್ನು ಕೇಳೋರು ಯಾರೂ ಇಲ್ಲ’ ಅನ್ನುತ್ತಿದ್ದ. ‘ಶೋಮೇಆ ಏನ್ ಲೆಖಾ.’ ಪದಕ್ಕೆ ಪದ ಇಟ್ಟರೆ ‘ಕೇಳುವವನು ಇಲ್ಲ ನಿನಗೆ’. ಕೇಳೋರಿಲ್ಲ! ನಾನು ಕಲಿಯುವಾಗ ಈ ಸಾಲು ಬಂದ ದಿನ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಹಿಂದಿನ ವಾರವಷ್ಟೇ ಒಂದು ಪಹಣಿ ತಿದ್ದುಪಡಿಗೆ ಅಂತ ಒಂದು ಕಚೇರಿಯ ಕಾರಿಡಾರಿನಲ್ಲಿ ಮೂರು ಗಂಟೆ ನಿಂತಿದ್ದೆ. ಪಕ್ಕದಲ್ಲಿದ್ದ ಮುದುಕರು ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿ ಎದೆಗೆ ಒತ್ತಿಕೊಂಡು, ಯಾರಿಗೂ ಅಲ್ಲ ಅನ್ನುವ ಹಾಗೆ ‘ಕೇಳೋರೇ ಇಲ್ವಲ್ಲಪ್ಪಾ’ ಅಂತ ಹೇಳಿಕೊಳ್ಳುತ್ತಿದ್ದರು. ಅದೇ ಪದ, ಅದೇ ಸಂಕಟ. ಅಬ್ಷಾಲೋಮ ಈ ಒಂದು ಮಾತು ಹೇಳಿ ಹೇಳಿಯೇ ಜನರ ಮನಸ್ಸು ಕದ್ದ ಅಂತ ಅಲ್ಲೇ ಬರೆದಿದೆ. ರಾಜಕೀಯ ಎಲ್ಲ ಕಾಲದಲ್ಲೂ ಒಂದೇ ಬಿಡಿ.

ಪ್ರಶ್ನೆ: ನಮಾಜಿನಲ್ಲಿ ‘ಸಮಿಅಲ್ಲಾಹು ಲಿಮನ್ ಹಮಿದಹ್’ ಅಂತ ಹೇಳುತ್ತೇವೆ. ಈ ‘ಸಮಿಅ’ ಮತ್ತು ನೀವು ಬರೆದ ‘ಶಾಮಾ’ ನೆಂಟರಾ?
– ಓದುಗರೊಬ್ಬರು, ಕೋಲಾರ

ಒಂದೇ ಬೇರು. ಅರಬ್ಬಿಯಲ್ಲಿ ‘ಸ’, ಹೀಬ್ರೂನಲ್ಲಿ ‘ಶ’. ಮಧ್ಯೆ ಎರಡರಲ್ಲೂ ‘ಮ’. ಕೊನೆಯಲ್ಲಿ ಅರಬ್ಬಿ ‘ಐನ್’, ಹೀಬ್ರೂ ‘ಅಯಿನ್’. ‘ಸಲಾಮ್’ ಮತ್ತು ‘ಶಾಲೋಮ್’ ಹೇಗೋ ಹಾಗೆ. ನಿಮ್ಮ ವಾಕ್ಯಕ್ಕೆ, ತನ್ನನ್ನು ಸ್ತುತಿಸಿದವನನ್ನು ಅಲ್ಲಾಹು ಕೇಳಿದನು ಅಂತ ಅರ್ಥ. ಇಲ್ಲೂ ಕೇಳುವುದು ಅಂದರೆ ಬರೀ ಕಿವಿಗೆ ಬೀಳುವುದಲ್ಲ, ಮನ್ನಿಸುವುದು. ಸೂಫಿಗಳ ‘ಸಮಾ’ ಗೋಷ್ಠಿ, ಅದೂ ಇದೇ ಬೇರು, ಕೇಳುವ ಕೂಟ.

ನಿಮ್ಮ ಕೇರಿಯಲ್ಲಿ ಇಸ್ಮಾಯಿಲ್ ಅನ್ನುವವರು ಇದ್ದೇ ಇರುತ್ತಾರೆ. ಆ ಹೆಸರೂ ಇದರಿಂದಲೇ. ಆದಿಕಾಂಡ 16ರಲ್ಲಿ ಹಾಗರ ಅನ್ನುವ ಬಸುರಿ ದಾಸಿ ಮನೆ ಬಿಟ್ಟು ಓಡಿಹೋಗಿ ಅಡವಿಯ ನೀರಿನ ಬುಗ್ಗೆಯ ಹತ್ತಿರ ಕೂತಿದ್ದಾಗ ದೂತ ಬಂದು, ಮಗನಿಗೆ ಇಷ್ಮಾಯೇಲ ಅಂತ ಹೆಸರಿಡು, ದೇವರು ನಿನ್ನ ದುಃಖ ಕೇಳಿದ್ದಾನೆ ಅನ್ನುತ್ತಾನೆ.

ಪ್ರಶ್ನೆ: ಶಾಮಾ, ಶ್ರವಣ, ಶ್ರುತಿ. ಎಲ್ಲ ‘ಶ’ದಿಂದಲೇ ಶುರು. ಮೂಲ ಸಂಸ್ಕೃತ ಇರಬಹುದಲ್ಲವೇ?
– ಓದುಗರೊಬ್ಬರು, ಚಿಂತಾಮಣಿ

ಇಲ್ಲ ಸ್ವಾಮಿ. ‘ಶ’ ಒಂದನ್ನೇ ನಂಬಿದರೆ ಶಾವಿಗೆಯೂ ನೆಂಟನಾಗುತ್ತದೆ. ಹೀಬ್ರೂ ಸೆಮಿಟಿಕ್ ಕುಟುಂಬದ್ದು, ಅರಬ್ಬಿ, ಅರಮಾಯಿಕ್ ಅದರ ಒಡಹುಟ್ಟಿದವು. ಸಂಸ್ಕೃತದ ‘ಶ್ರು’ ಧಾತುವಿನ ನೆಂಟರು ಬೇರೆ ಕಡೆ ಇದ್ದಾರೆ. ಇಂಗ್ಲಿಷಿನ ಲಿಸನ್, ಲೌಡ್ ಆ ಬಳಗದವು.

ಆದರೆ ನಿಮ್ಮ ಪ್ರಶ್ನೆಯಿಂದ ಒಂದು ಒಳ್ಳೇ ಪದ ನೆನಪಾಯಿತು. ಶುಶ್ರೂಷೆ. ಆಸ್ಪತ್ರೆಯಲ್ಲಿ ನರ್ಸ್‌ಗಳನ್ನು ಶುಶ್ರೂಷಕಿ ಅಂತ ಬರೆಯುತ್ತಾರಲ್ಲ, ಆ ಪದ ‘ಶ್ರು’ದಿಂದ ಬಂದದ್ದು. ಮೂಲ ಅರ್ಥ ‘ಕೇಳುವ ಆಸೆ’. ಗುರುವಿನ ಮಾತು ಕೇಳುವ ಆಸೆ, ಅದರಿಂದ ಹೇಳಿದ್ದು ಮಾಡುವುದು, ಅದರಿಂದ ಸೇವೆ, ಅದರಿಂದ ರೋಗಿಯ ಆರೈಕೆ. ಸಂಬಂಧವೇ ಇಲ್ಲದ ಭಾಷೆಗಳೂ ಕಿವಿಯಿಂದ ಹೊರಟು ಕೈಗೆ ಬಂದು ಮುಟ್ಟುತ್ತವೆ.

ಪ್ರಶ್ನೆ: ವಿಮೋಚನಕಾಂಡ 24ರಲ್ಲಿ ಜನ ‘ಮಾಡುತ್ತೇವೆ, ಕೇಳುತ್ತೇವೆ’ ಅಂತ ಹೇಳುತ್ತಾರಂತೆ. ಕೇಳದೆ ಮಾಡೋದು ಹೇಗೆ? ಕ್ರಮ ತಲೆಕೆಳಗಾಗಿದೆ ಅಲ್ವಾ?
– ಓದುಗರೊಬ್ಬರು, ಗೌರಿಬಿದನೂರು

‘ನಅಸೆ ವೆನಿಶ್ಮಾ.’ ಯೆಹೂದ್ಯರಲ್ಲಿ ತುಂಬಾ ಮೆಚ್ಚಿನ ಮಾತು ಇದು. ಕೇಳುವುದಕ್ಕೂ ಮೊದಲೇ ಮಾಡುತ್ತೇವೆ ಅಂತ ಒಪ್ಪಿಕೊಂಡರಲ್ಲ ಅಂತ, ದೇವದೂತರು ಬಂದು ಒಬ್ಬೊಬ್ಬರ ತಲೆಗೂ ಎರಡೆರಡು ಕಿರೀಟ ಕಟ್ಟಿದರು ಅನ್ನುವ ಕಥೆ ಅವರ ಹಳೇ ಧರ್ಮಗ್ರಂಥ ತಾಲ್ಮೂದಿನಲ್ಲಿದೆ. ಕಥೆ ಚೆನ್ನಾಗಿದೆ. ಆದರೆ ಪದದ ಲೆಕ್ಕದಲ್ಲಿ ಅಷ್ಟು ಗೊಂದಲ ಬೇಕಿಲ್ಲ. ಆಗತಾನೇ ಮೋಶೆ ಒಡಂಬಡಿಕೆಯ ಪುಸ್ತಕ ಜೋರಾಗಿ ಓದಿ ಮುಗಿಸಿದ್ದಾನೆ. ಕಿವಿಗೆ ಬಿದ್ದಾಗಿದೆ. ‘ಮಾಡ್ತೀವಿ, ಮಾತು ಕೇಳ್ತೀವಿ’ ಅಂತ ಜನ ಹೇಳಿದರು. ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬರುವಾಗ ಅವಳು ‘ಓದ್ಕೋತೀನಿ, ನಿನ್ನ ಮಾತು ಕೇಳ್ತೀನಿ’ ಅನ್ನುವುದಿಲ್ಲವಾ, ಹಾಗೆ. ಕುರ್‌ಆನಿನ ಎರಡನೇ ಸೂರಾದ ಕೊನೆಯಲ್ಲಿ ‘ಸಮಿಅನಾ ವ ಅತಅನಾ’ ಅಂತ ಬರುತ್ತದೆ, ಕೇಳಿದೆವು, ಪಾಲಿಸಿದೆವು. ಅಲ್ಲಿ ಪಾಲಿಸುವುದಕ್ಕೆ ಬೇರೆ ಪದ ಇದೆ. ಹೀಬ್ರೂ ಆ ಕೆಲಸವನ್ನೂ ಶಾಮಾದ ತಲೆಗೇ ಕಟ್ಟುತ್ತದೆ.

ಪ್ರಶ್ನೆ: ಶಾಮಾ, ಶಾಮರ್ ಒಂದೇನಾ?
– ಓದುಗರೊಬ್ಬರು, ಗುಬ್ಬಿ

ಬೇರೆ ಬೇರೆ. ಶಾಮರ್ ಅಂದರೆ ಕಾಯು, ಕಾಪಾಡು. ಕನ್ನಡ ಅಕ್ಷರದಲ್ಲಿ ಬರೆದಾಗ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಅಷ್ಟೇ.

ಪ್ರಶ್ನೆ: ಕನ್ನಡದ ‘ಕೇಳು’ ಮತ್ತು ‘ಶಾಮಾ’ ಎಲ್ಲಾ ಕಡೆ ಸರಿಹೊಂದುತ್ತವೆ ಅನ್ನುವ ಹಾಗೆ ಬರೆದಿದ್ದೀರಿ. ಹೊಂದದ ಜಾಗವೇ ಇಲ್ಲವಾ?
– ಓದುಗರೊಬ್ಬರು, ಬಾಗೇಪಲ್ಲಿ

ಇದೆ, ಅಲ್ಲಿ ನಾನೇ ಬಿದ್ದಿದ್ದೇನೆ. ಎರಡನೇ ಅರಸುಗಳು 18ರಲ್ಲಿ ಅಶ್ಶೂರದ ಅಧಿಕಾರಿ ಯೆರೂಸಲೇಮಿನ ಗೋಡೆಯ ಹೊರಗೆ ನಿಂತು ಊರಿನ ಭಾಷೆಯಲ್ಲೇ ಬೆದರಿಕೆ ಹಾಕುತ್ತಾನೆ. ಅರಸನ ಕಡೆಯವರು ಕೈಮುಗಿದು, ‘ಅರಮಾಯಿಕ್‌ನಲ್ಲಿ ಮಾತಾಡಿ, ನಾವು ಶಾಮಾ ಮಾಡುತ್ತೇವೆ, ಗೋಡೆ ಮೇಲಿರುವ ಜನರ ಕಿವಿಗೆ ಬೀಳುವ ಹಾಗೆ ನಮ್ಮ ಭಾಷೆ ಆಡಬೇಡಿ’ ಅನ್ನುತ್ತಾರೆ. ತರಗತಿಯಲ್ಲಿ ನಾನು ಧೈರ್ಯವಾಗಿ ‘ನಾವು ಕೇಳುತ್ತಿದ್ದೇವೆ’ ಅಂತ ಅನುವಾದ ಮಾಡಿದೆ. ಮೇಷ್ಟ್ರು ನಕ್ಕರು. ‘ಅರಮಾಯಿಕ್ ನಮಗೆ ಅರ್ಥವಾಗುತ್ತದೆ’ ಅಂತ ಆಗಬೇಕಿತ್ತು. ಭಾಷೆ ತಿಳಿಯುವುದಕ್ಕೂ ಹೀಬ್ರೂನಲ್ಲಿ ಶಾಮಾ ಸಾಕು. ಬಾಬೆಲಿನಲ್ಲಿ ಒಬ್ಬರ ಮಾತು ಒಬ್ಬರಿಗೆ ತಿಳಿಯದ ಹಾಗೆ ಆದದ್ದು, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಯೋಸೇಫ ದುಭಾಷಿಯನ್ನು ಇಟ್ಟುಕೊಂಡು ಅಣ್ಣಂದಿರ ಮಾತನ್ನೆಲ್ಲ ಒಳಗೊಳಗೇ ಅರ್ಥ ಮಾಡಿಕೊಂಡದ್ದು, ಎರಡೂ ಕಡೆ ಇದೇ ಪದ. ನಿಮ್ಮ ಬಾಗೇಪಲ್ಲಿಯಲ್ಲಿ ‘ನನಗೆ ತೆಲುಗು ಬರುತ್ತೆ’ ಅನ್ನುತ್ತೀರಿ, ‘ತೆಲುಗು ಕೇಳುತ್ತೇನೆ’ ಅಂದರೆ ಬರೀ ರೇಡಿಯೋ ಹಾಕಿಕೊಂಡಿದ್ದೀರಿ ಅಂತ ಆಗುತ್ತದೆ. ಇಂಥ ಕಡೆ ‘ಕೇಳು’ ಬಿಟ್ಟು ‘ತಿಳಿ’ಯನ್ನೇ ಹಿಡಿಯಬೇಕು.

ಪ್ರಶ್ನೆ: ಈ ಪದ ದಿನಬಳಕೆಯ ಮಾತಿನಲ್ಲೂ ಇತ್ತಾ, ಬರೀ ದೇವರ ಪುಸ್ತಕದ್ದಾ?
– ಓದುಗರೊಬ್ಬರು, ತುಮಕೂರು

ಈಗಲೂ ಇದೆ. ಇಸ್ರೇಲಿನಲ್ಲಿ ಇಬ್ಬರು ಗೆಳೆಯರು ಸಿಕ್ಕರೆ ‘ಮಾ ನಿಶ್ಮಾ?’ ಅನ್ನುತ್ತಾರೆ. ಪದಶಃ ‘ಏನು ಕೇಳಿಬರುತ್ತಿದೆ?’ ನಮ್ಮ ‘ಏನ್ ಸಮಾಚಾರ?’

ಹಿಂದೆಯೂ ಇತ್ತು. 1935ರಲ್ಲಿ ಲಾಕೀಷ್ ಅನ್ನುವ ಹಳೇ ಕೋಟೆ ಊರನ್ನು ಅಗೆದಾಗ ಮಡಕೆ ಚೂರುಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ಸಿಕ್ಕವು. ಕ್ರಿ.ಪೂ. 6ನೇ ಶತಮಾನದ ಆರಂಭದವು, ಬ್ಯಾಬಿಲೋನಿನ ಸೈನ್ಯ ಯೆರೂಸಲೇಮನ್ನು ಕೆಡವುವುದಕ್ಕೆ ಸ್ವಲ್ಪ ಮೊದಲು ಬರೆದವು. ಕೈಕೆಳಗಿನ ಅಧಿಕಾರಿ ಮೇಲಿನವನಿಗೆ ಬರೆದದ್ದು. ಕೆಲವು ಪತ್ರಗಳ ಶುರು ಹೀಗಿದೆ: ಯೆಹೋವನು ನನ್ನ ಒಡೆಯನಿಗೆ ಶಾಂತಿಯ ಸುದ್ದಿ ಕೇಳಿಸಲಿ. ‘ಕೇಳಿಸಲಿ’ ಅನ್ನುವುದೂ ಶಾಮಾದ ರೂಪ, ‘ಸುದ್ದಿ’ಗೆ ಅಲ್ಲಿರುವ ‘ಶೆಮುಆ’ ಕೂಡ ಅದರದ್ದೇ ಮಗು. ನಮ್ಮ ತಾತ ಕಾರ್ಡಿನ ತಲೆಯಲ್ಲಿ ‘ಉಭಯಕುಶಲೋಪರಿ’ ಅಂತ ಬರೆಯುತ್ತಿದ್ದರಲ್ಲ, ಅದೇ ಥರದ ರೂಢಿ.

ಅದರಲ್ಲಿ ಮೂರನೇ ಪತ್ರ ನನಗೆ ತುಂಬಾ ಇಷ್ಟ. ಬರೆದವನ ಹೆಸರು ಹೋಷಾಯ. ಮೇಲಧಿಕಾರಿ ಹಿಂದಿನ ಪತ್ರದಲ್ಲಿ, ನಿನಗೆ ಓದೋಕೆ ಬರಲ್ಲವಾ ಅನ್ನುವ ಹಾಗೆ ಏನೋ ಚುಚ್ಚಿದ್ದಾನೆ. ಇವನಿಗೆ ಅವಮಾನ ಆಗಿದೆ. ಶಾಂತಿಯ ಸುದ್ದಿ ಕೇಳಿಸಲಿ ಅಂತ ಮರ್ಯಾದೆಯಿಂದ ಶುರು ಮಾಡಿ, ಆಮೇಲೆ ಮಡಕೆ ಚೂರಿನ ಮೇಲೇ ಜಗಳಕ್ಕೆ ಇಳಿಯುತ್ತಾನೆ: ದೇವರಾಣೆಗೂ, ಇವತ್ತಿನವರೆಗೆ ನನಗೆ ಯಾರೂ ಪತ್ರ ಓದಿ ಹೇಳೋಕೆ ಬಂದಿದ್ದಿಲ್ಲ.